ಮನಿ ಮಂದಿ ಕಣ್ಣು

"ಮೀನಿನ ತಲಿ ತುಂಡು ಪರಿಮಳಾಗ ಹಾಕು. ಆಕಿ ಓಡಾಕಿ," ಎಂದ ಅಪ್ಪ.

ಅವ್ವ ಹಾಗೇ ಮಾಡಿದಳು. ಮೌನಿಕಾಳ ತಾಟಿಗೆ ಬಾಲದ ತುಂಡು ಬಿತ್ತು. ಅದರ ತುಂಬ ಮುಳ್ಳು.

"ನಾನೂ ಸಾಲಿಗಿ ಓಡೇ ಹೋಗ್ತೀನಿ," ಎಂದಳು ಮೌನಿಕಾ.

"ನೀ ಲೇಟಾಗಿ ಎದ್ದು ಓಡ್ತಿ," ಎಂದಳು ಅವ್ವ.

ಎಲ್ಲರೂ ನಕ್ಕರು. ಅಕ್ಕ ಪರಿಮಳಾ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ ಕೂತಿದ್ದಳು.

ಅಪ್ಪ ಶಹಾಪುರದ ಬಜಾರಿನಲ್ಲಿ ಮೀನು ಮಾರುತ್ತಿದ್ದ. ಮನೆಗೆ ಮೀನು ತಂದ ದಿನ ತಲೆ ತುಂಡು ಒಮ್ಮೆ ಅಕ್ಕನಿಗೆ, ಒಮ್ಮೆ ಮೌನಿಕಾಳಿಗೆ ಸಿಗುತ್ತಿತ್ತು. ಅಕ್ಕ ಇಂಡಿಯಾ ಟೀಮಿಗೆ ಸೆಲೆಕ್ಟ್ ಆದಳು, ಪಾಳಿ ಮುಗಿಯಿತು. ಏಷ್ಯಾದ ಹುಡುಗ ಹುಡುಗಿಯರೆಲ್ಲ ಸೇರಿ ಓಡುವ ದೊಡ್ಡ ಕೂಟವಂತೆ. ಬ್ಯಾಂಕಾಕ್‌ನಲ್ಲಿ. ಅಕ್ಕನದು ಐದು ಸಾವಿರ ಮೀಟರ್ ಓಟ. ಮೊದಲ ಸಲ ಬೇರೆ ದೇಶಕ್ಕೆ, ಮೊದಲ ಸಲ ವಿಮಾನದಲ್ಲಿ.

ಫ್ಯಾನಿನ ಕೆಳಗಿನ ಮಂಚ ಈಗ ಅಕ್ಕನದು. ಹಾಲೂ ಅಕ್ಕನದು. ಸಾಲೆಯಲ್ಲಿ ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿಗೆ ಮೌನಿಕಾಳನ್ನು ಮುಂದೆ ಕರೆದು ನಿಲ್ಲಿಸಿದರು. "ಈ ಹುಡುಗಿ ಯಾರು ಗೊತ್ತೇನು? ನಮ್ಮ ಪರಿಮಳಾನ ತಂಗಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿಗೂ ಒಂದು ಹೆಸರಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಬಸ್‌ ಸ್ಟ್ಯಾಂಡಿನ ಎದುರು ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಅಕ್ಕನ ಫೋಟೋ, ಕೆಳಗೆ 'ಶಹಾಪುರದ ಚಿನ್ನ' ಎಂಬ ಹಳದಿ ಅಕ್ಷರ. ಮೌನಿಕಾ ಗೆಳತಿ ನಜೀಮಾಳ ಕೈ ಹಿಡಿದು ನಿಂತು ನೋಡಿದಳು. ಆ ಫೋಟೋ ತೆಗೆದಾಗ ಮೌನಿಕಾಳೂ ಅಕ್ಕನ ಪಕ್ಕ ನಿಂತಿದ್ದಳು. ಈಗ ಅವಳನ್ನು ಕತ್ತರಿಸಿ ತೆಗೆದಿದ್ದರು. ಅಕ್ಕನ ಹೆಗಲ ಮೇಲೆ ನಾಲ್ಕು ಬೆರಳು ಮಾತ್ರ ಉಳಿದಿದ್ದವು.

"ಅವು ನನ್ನ ಬೆರಳು," ಎಂದಳು ಮೌನಿಕಾ.

ನಜೀಮಾ ಕಣ್ಣು ಕಿರಿದು ಮಾಡಿ ನೋಡಿದಳು. "ದೆವ್ವದ ಕೈ ಇದ್ದಂಗ ಅದ," ಎಂದಳು.

ಮೌನಿಕಾಳ ಹೊಟ್ಟೆಯೊಳಗೆ ಏನೋ ಚುರುಕ್ ಎಂದಿತು. 'ಸೋತು ಬರಲಿ' ಎಂದು ಅಂದುಕೊಂಡಳು. ಬಾಯಿ ಬಿಟ್ಟು ಅನ್ನಲಿಲ್ಲ. ಬ್ಯಾನರ್ ಕಡೆ ನೋಡುತ್ತಲೇ ಅಂದುಕೊಂಡಳು, ಅಷ್ಟೆ.

ಮರುದಿನ ಬೆಳಿಗ್ಗೆ ಅಕ್ಕ ಮೈದಾನದಿಂದ ಅರ್ಧಕ್ಕೇ ವಾಪಸ್ ಬಂದಳು. ಓಡುವಾಗ ವಾಂತಿಯಾಗಿತ್ತು. ಕೋಚ್ ದೇವಿಂದ್ರ ಸರ್ ಮನೆಗೆ ಕಳಿಸಿದ್ದರು. ಡಾಕ್ಟರು ನೋಡಿ, ಏನೂ ಇಲ್ಲ, ರೆಸ್ಟ್ ಮಾಡಲಿ ಅಂದರು.

"ಡಾಕ್ಟರಗ ಏನ್ ತಿಳೀತದ? ಇದು ನೆದರು, ಯಾರದೋ ದೃಷ್ಟಿ ತಾಕ್ಯದ," ಎಂದಳು ಅಜ್ಜಿ ಮರಿಲಿಂಗಮ್ಮ. ಒಣ ಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ಅಕ್ಕನ ಮುಂದೆ ಇಳಿ ತೆಗೆಯತೊಡಗಿದಳು.

"ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಓಣಿ ಮಂದಿ ಕಣ್ಣು, ಮನಿ ಮಂದಿ ಕಣ್ಣು..."

ಮೌನಿಕಾ ಬಾಗಿಲ ಹಿಂದೆ ಸರಿದಳು.

ಅಜ್ಜಿ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು. ಅದು ಕಪ್ಪಗಾಯಿತು. ಯಾರೂ ಕೆಮ್ಮಲಿಲ್ಲ.

"ನೋಡ್ರಿ, ಘಾಟೇ ಬರಲಿಲ್ಲ. ಭಾಳ ದೊಡ್ಡ ನೆದರು ಆಗ್ಯದ. ನಾಳೆ ಇನ್ನೊಂದ್ಸಲ ತೆಗೀಬೇಕು."

ಅವತ್ತೆಲ್ಲ ಮೌನಿಕಾ ಅಕ್ಕನನ್ನು ನೋಡಲೇ ಇಲ್ಲ. ಅಕ್ಕ ಎದುರು ಬಂದರೆ ಗೋಡೆ ನೋಡಿದಳು. ಹಾಗೆ ಹೋಗುವಾಗ ನೀರಿನ ಕೊಡ ಎಡವಿ ಅವ್ವನ ಕೈಲಿ ಬೈಸಿಕೊಂಡಳು. ಆದರೂ ಅಕ್ಕ ಊಟ ಮಾಡಲಿಲ್ಲ.

"ನಮ್ಮ ದಾದಿ ಅಂತಾಳ, ನೆದರ ಹಚ್ಚಿದವರ ಕಾಲಾಗಿನ ಮಣ್ಣು ಬೇಕಂತ. ಅದನ್ನ ಹಾಕಿ ತೆಗೀಲಿಲ್ಲಂದ್ರ ಇಳಿಯಂಗಿಲ್ಲ," ಎಂದಳು ನಜೀಮಾ, ಮರುದಿನ ಸಾಲೆಯಲ್ಲಿ. ಅವಳ ಅಜ್ಜಿ ದಾವಲಬೀಯ ಮಾತನ್ನು ಓಣಿಯಲ್ಲಿ ಎಲ್ಲರೂ ಕೇಳುತ್ತಿದ್ದರು. "ಯಾರ ಹಚ್ಯಾರ, ನಿಂಗೇನರ ಗೊತ್ತದೇನು?"

"ಇಲ್ಲ," ಎಂದಳು ಮೌನಿಕಾ, ಬಹಳ ಬೇಗ.

ಸಾಲೆ ಬಿಟ್ಟ ಮೇಲೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತಳು. ಹೆಜ್ಜೆ ಸರಿಯಾಗಿ ಮೂಡಿದ ಮೇಲೆ ಅಲ್ಲಿನ ಮಣ್ಣನ್ನು ಚಿವುಟಿ ತೆಗೆದಳು. ಅಜ್ಜಿ ಸಂಜೆಗೆಂದು ಉಪ್ಪು, ಮೆಣಸಿನಕಾಯಿಯನ್ನು ಪೇಪರಿನಲ್ಲಿ ಕಟ್ಟಿ ಒಳಗೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ಮೌನಿಕಾ ಆ ಪೊಟ್ಟಣ ಬಿಚ್ಚಿದಳು.

"ಉಪ್ಪಿನಾಗ ಮಣ್ಣು ಯಾಕ ಹಾಕಾಕತ್ತಿ?"

ಅಕ್ಕ ಮಂಚದ ಮೇಲಿಂದಲೇ ನೋಡುತ್ತಿದ್ದಳು. ಮಲಗಿದ್ದಾಳೆ ಎಂದುಕೊಂಡಿದ್ದ ಮೌನಿಕಾ ಅವಸರದಲ್ಲಿ ಪೊಟ್ಟಣ ಮುಚ್ಚಿದಳು.

"ಇದು ನನ್ನ ಕಾಲಾಗಿನ ಮಣ್ಣು," ಎಂದಳು. "ನೆದರ ನಾನೇ ಹಚ್ಚೀನಿ. ಸೋತು ಬರಲಿ ಅಂದಿದ್ದೆ. ನನ್ನ ಹೊಟ್ಟಿಕಿಚ್ಚು ನಿನ್ನ ಹೊಟ್ಟಿಗಿ ಬಂದದ."

ಅಕ್ಕ ನಕ್ಕೇಬಿಟ್ಟಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಯಾವಾಗ ಅಂದಿ?"

"ಮೊನ್ನಿ. ಬ್ಯಾನರ್ ನೋಡಿ."

"ನನ್ನ ಹೊಟ್ಟಿ ಅದಕ್ಕೂ ಮೊದಲೇ ಕೆಟ್ಟದ. ಬಾ ಇಲ್ಲಿ, ಕುಂದ್ರು."

ಮೌನಿಕಾ ಮಂಚದ ತುದಿಯಲ್ಲಿ ಕೂತಳು. ಅಕ್ಕ ದನಿ ಸಣ್ಣದು ಮಾಡಿದಳು.

"ಅಲ್ಲಿಗಿ ಬರೋ ಹುಡುಗ್ಯಾರು ಎಷ್ಟು ಫಾಸ್ಟ್ ಇದ್ದಾರ ಗೊತ್ತದೇನು? ನಾ ಇನ್ನೂ ಓಡಾಕತ್ತಿರ್ತೀನಿ, ಅವರು ಮುಗಿಸಿ ನೀರು ಕುಡೀತಿರ್ತಾರ. ಮೊದಲ ಎಂಟು ಮಂದಿಯೊಳಗ ಬಂದ್ರ ಅದೇ ದೊಡ್ಡದು ಅಂತ ದೇವಿಂದ್ರ ಸರ್ ಅಂದಾರ."

"ಮತ್ತ ಚಿನ್ನ?"

"ಚಿನ್ನ ಬ್ಯಾನರದಾಗ ಅದ."

ಮೌನಿಕಾ ಅಕ್ಕನ ಮುಖ ನೋಡಿದಳು. ಅಕ್ಕ ಸೋಲಬಹುದು ಎಂದು ಅಕ್ಕನಿಗೇ ಗೊತ್ತಿತ್ತು. ತಾನು ಅಂದುಕೊಳ್ಳುವ ಮೊದಲೇ ಗೊತ್ತಿತ್ತು.

"ಹೊರಗ ಹೋದ್ರ ಸಾಕು, ಬಂಗಾರ ತಾ, ಬಂಗಾರ ತಾ," ಎಂದಳು ಅಕ್ಕ. "ಅಪ್ಪಗ ಹ್ಯಾಂಗ ಹೇಳಲಿ? ತಾಟಿನಾಗ ತಲಿ ತುಂಡು ಹಾಕ್ತಾರಲ್ಲ, ಅದೂ ಬಂಗಾರ ತಾ ಅಂದಂಗೇ ಆಗ್ತದ. ನುಂಗಾಕ ಆಗಂಗಿಲ್ಲ."

ಮೌನಿಕಾ ಅಕ್ಕನ ಹತ್ತಿರ ಸರಿದು ಕೂತಳು. "ಖರೇ ಹೇಳ್ಲೇನು?" ಎಂದಳು. "ನಂಗ ಇನ್ನೂ ಹೊಟ್ಟಿಕಿಚ್ಚು ಅದ. ನೀ ವಿಮಾನದಾಗ ಹೋಗ್ತಿ."

"ಇರ್ಲಿ ಬಿಡು," ಎಂದು ಅಕ್ಕ ಅವಳ ಜಡೆ ಎಳೆದಳು.

ಸಂಜೆ ಅಜ್ಜಿ ಮತ್ತೆ ಇಳಿ ತೆಗೆದಳು. ಈ ಸಲ ಮೆಣಸಿನಕಾಯಿ ಒಲೆಗೆ ಬಿದ್ದದ್ದೇ ತಡ, ಅಪ್ಪ, ಅವ್ವ, ಅಜ್ಜಿ ಎಲ್ಲರೂ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದರು.

"ಹೋತು ನೋಡ್ರಿ ನೆದರು," ಎಂದಳು ಅಜ್ಜಿ ಕಣ್ಣೊರೆಸಿಕೊಳ್ಳುತ್ತ.

ಊಟಕ್ಕೆ ಕೂತಾಗ ಅಕ್ಕ ಎರಡು ತುತ್ತು ತಿಂದು ತಾಟು ಸರಿಸಿದಳು. ಅದನ್ನು ಮೌನಿಕಾ ಒಬ್ಬಳೇ ಗಮನಿಸಿದಳು.

ಅಕ್ಕ ಹೊರಡುವ ದಿನ ಓಣಿಗೆ ಓಣಿಯೇ ಬಸ್‌ ಸ್ಟ್ಯಾಂಡಿಗೆ ಬಂದಿತ್ತು. ಯಾದಗಿರಿಗೆ ಬಸ್, ಅಲ್ಲಿಂದ ರೈಲು. ದೇವಿಂದ್ರ ಸರ್ ಬ್ಯಾಗುಗಳನ್ನು ಮೇಲಿಟ್ಟರು. ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದನ್ನು ಕಂಡು ಮೌನಿಕಾಳಿಗೆ ಮತ್ತೆ ಸ್ವಲ್ಪ ಚುರುಕ್ ಎಂದಿತು.

"ಬಂಗಾರ ತಗೊಂಡೇ ಬರಬೇಕು ಮಗಳ," ಎಂದ ಅಪ್ಪ.

"ಹ್ಞೂಂ," ಎಂದಳು ಅಕ್ಕ.

"ಖಾಲಿ ಕೈಲೆ ಬಂದ್ರ ಓಣಿಯಾಗ ಬಿಟ್ಕೊಳ್ಳಂಗಿಲ್ಲ ನೋಡು ಬೇಟಿ," ಎಂದು ದಾವಲಬೀ ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು.

"ಹ್ಞೂಂ," ಎಂದಳು ಅಕ್ಕ. ಕಿಟಕಿಯ ಸರಳು ಹಿಡಿದ ಅವಳ ಬೆರಳು ಬೆಳ್ಳಗಾಗಿದ್ದವು.

ಅಜ್ಜಿ ಮೌನಿಕಾಳನ್ನು ಮುಂದೆ ದೂಡಿದಳು. "ನೀನೂ ಏನರ ಹೇಳವಾ ಅಕ್ಕಗ."

ಎಲ್ಲರೂ ಅವಳನ್ನೇ ನೋಡಿದರು. ಮಂದಿ ಕೇಳಲು ಕಾಯುತ್ತಿದ್ದ ಮಾತು ಒಂದೇ. ಅದು ನಾಲಗೆಯ ತುದಿಗೆ ಬಂದಿತ್ತು.

"ಸುಮ್ಮ ಹೋಗಿ ಬಾ ಯಕ್ಕಾ," ಎಂದಳು ಮೌನಿಕಾ.

"ಸುಮ್ಮ ಹೋಗಿ ಬರಾಕ ಅದೇನು ಸಂತಿ ಏನು?" ಎಂದಳು ದಾವಲಬೀ. "ಹೊಂಟಾಕಿಗಿ ಹಿಂಗ ಅಂತಾರೇನು ಹುಡುಗಿ?"

ಅವ್ವ ಮೌನಿಕಾಳ ತಲೆಗೆ ಮೆತ್ತಗೆ ಒಂದು ಕೊಟ್ಟಳು. ಅಷ್ಟರಲ್ಲಿ ಬಸ್ಸು ಗುರುಗುಟ್ಟಿತು.

ಅಕ್ಕ ಕಿಟಕಿಯಿಂದ ಕೈ ಚಾಚಿದಳು. "ಅವ್ವಾ, ಬುತ್ತಿ ಕೊಡು."

"ರೈಲಿನಾಗ ತಿನ್ನಾಕ ಕಟ್ಟೀನಿ. ಈಗ್ಯಾಕ?"

"ಈಗೇ ಹೊಟ್ಟಿ ಹಸ್ದದ."

ಅವ್ವ ಗಂಟು ಕೊಟ್ಟಳು. ಬಸ್ಸು ಹಿಂದಕ್ಕೆ ಸರಿಯುವಾಗಲೇ ಅಕ್ಕ ಅದನ್ನು ಬಿಚ್ಚಿ, ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟುಕೊಂಡಳು. ಅವಳ ಗಲ್ಲ ಉಬ್ಬಿತು.

ಎಲ್ಲರೂ ಕೈ ಬೀಸುತ್ತಿದ್ದರು, ಕೂಗುತ್ತಿದ್ದರು. ಮೌನಿಕಾ ಕೈ ಬೀಸಲಿಲ್ಲ. ಬಸ್ಸು ರಸ್ತೆಗೆ ತಿರುಗುವವರೆಗೂ ಅಕ್ಕ ತಿನ್ನುವುದನ್ನೇ ನೋಡುತ್ತ ನಿಂತಳು.