ಬಾಕಿ ಉಳಿದ ಒಂದು ಕಲ್ಲು

೧೯೯೨ರ ಮಾರ್ಚ್ ೧೪, ಶನಿವಾರ. ಬೆಳಿಗ್ಗೆ ಆ ಅರಬ್ ಊರಿನ ಠಾಣೆಗೆ ಬಂದ ಮೊದಲ ದೂರೇ ಕಲ್ಲಿನದು. ಮಂಗಳೂರಿನ ನೊರ್ಬರ್ಟ್ ಹೆಂಡತಿ ರೋಸಳ ಜೊತೆ ರಜೆಯ ದಿನವಾದ ಶುಕ್ರವಾರ ಇಗರ್ಜಿಗೆ ಹೋಗಿದ್ದಾಗ, ವಾದಿ ಕಬೀರ್ ಬಡಾವಣೆಯ ಅವನ ಫ್ಲ್ಯಾಟಿಗೆ ಯಾರೋ ನುಗ್ಗಿ ಕಪಾಟಿನಲ್ಲಿದ್ದ ಮರದ ಪೆಟ್ಟಿಗೆ ಹೊತ್ತೊಯ್ದಿದ್ದರು. ಪಕ್ಕದಲ್ಲೇ ಇದ್ದ ಚಿನ್ನದ ಬಳೆಗಳನ್ನು ಮುಟ್ಟಿರಲಿಲ್ಲ.

"ಪೆಟ್ಟಿಗೆಯಲ್ಲಿ ಏನಿತ್ತು?" ಇನ್‌ಸ್ಪೆಕ್ಟರ್ ಖಲ್ಫಾನ್ ಅರಬಿಯಲ್ಲಿ ಕೇಳಿದ. ಠಾಣೆಯ ದುಭಾಷಿ, ಉಳ್ಳಾಲದ ಹಂಝ, ಕನ್ನಡದಲ್ಲಿ ಹೇಳಿದ.

"ಕಲ್ಲಿನ ಬಾಣದ ಮೊನೆಗಳು. ನಲವತ್ತೊಂದು."

"ಅಂಗಡಿಯಿಂದ ತಂದದ್ದಾ?"

"ಅಲ್ಲ, ಸುವೈಕ್ ಊರಿನ ಒಳಗಿನ ವಾದಿಯ, ಮಳೆ ಬಂದರಷ್ಟೇ ಹರಿಯುವ ಆ ಒಣ ಹೊಳೆಯ, ದಂಡೆಯಲ್ಲಿ ಹೆಕ್ಕಿದ್ದು. ನನಗೊಂದು ಹವ್ಯಾಸ. ಸಾವಿರಾರು ವರ್ಷ ಹಳೆಯವು."

"ನಮ್ಮ ದೇಶದ ಸೊತ್ತು ನೀವು ತೆಗೆದದ್ದು, ನಿಮ್ಮಿಂದ ಇನ್ನೊಬ್ಬ ತೆಗೆದದ್ದು. ಅಲ್ಲವಾ?"

ನೊರ್ಬರ್ಟ್ ಬೆವರು ಒರೆಸಿಕೊಂಡ. ಕಳ್ಳನನ್ನು ಹಿಡಿಸಲು ಬಂದು ತಾನೇ ಸಿಕ್ಕಿಬೀಳುವ ಹಾಗಾಯಿತಲ್ಲ! ಹಂಝ ನಗು ನುಂಗಿಕೊಂಡು, "ಎಫ್‌ಐಆರ್ ಆಗ್ತದೆ, ಹೆದರಬೇಡಿ ಮಾರಾಯ್ರೇ" ಎಂದ.

"ಕಲ್ಲು ಹೆಕ್ಕಲು ಜೊತೆಗೆ ಯಾರು ಬರುತ್ತಿದ್ದರು?" ಖಲ್ಫಾನ್ ಕೇಳಿದ.

"ಎದುರು ಮನೆಯ ಪ್ರೇಮನಾಥ. ನಮ್ಮ ಕಂಪನಿಯ ಅಕೌಂಟೆಂಟ್. ಹೋದ ವರ್ಷದಿಂದ ಬರುವುದು ಬಿಟ್ಟಿದ್ದಾನೆ. ಮನೆಯ ಕಷ್ಟ, ಪಾಪ."

ಬೀಗ ಮುರಿದಿರಲಿಲ್ಲ. ಎಲ್ಲ ಮನೆಗಳ ಬದಲಿ ಕೀಲಿಕೈಗಳು ಮೆಟ್ಟಿಲ ಕೆಳಗಿನ ವಾಚ್‌ಮನ್ ಕೋಣೆಯಲ್ಲಿ ಮೊಳೆಗೆ ನೇತಾಡುತ್ತಿದ್ದವು. ಹಾಗಾಗಿ ವಾಚ್‌ಮನ್ ಮುನಿಯಪ್ಪನನ್ನು ಕರೆತಂದರು.

"ಕಲ್ಲು ಎಲ್ಲಿ?"

"ನಾನ್ಯಾಕ್ ಸಾ ಕಲ್ ಕದೀಲಿ? ನಮ್ಮ ಕೋಲಾರದ ತುಂಬ ಕಲ್ಲೇ ಅದೆ."

ಮಾತು ಸರಿಯೇ. ಆದರೆ ಅವನಿಗೆ ವೀಸಾ ಕೊಟ್ಟ ಧಣಿ, ಅವನ ಕಫೀಲ್, ಫೋನಿನಲ್ಲೇ ತೀರ್ಪು ಕೊಟ್ಟಾಗಿತ್ತು: ಕಳ್ಳ ಸಿಗದಿದ್ದರೆ ಬುಧವಾರದ ವಿಮಾನಕ್ಕೆ ಮುನಿಯಪ್ಪ ಊರಿಗೆ, ಖಲಾಸ್. ಬಂದು ಇನ್ನೂ ವರ್ಷ ತುಂಬದ ಆ ಬಡಪಾಯಿ ಲಾಕಪ್ಪಿನ ಮೂಲೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತ.

ಸೋಮವಾರ ಸುವೈಕ್ ಠಾಣೆಯಿಂದ ಸುದ್ದಿ ಬಂತು. ನಫೀಸಾ ಎಂಬ ಆಡು ಮೇಯಿಸುವ ಮುದುಕಿ, ವಾದಿಯಲ್ಲಿ ಜಿನ್ ಎಂಬ ಭೂತ ಊಟ ಬಡಿಸುತ್ತಿದೆ ಎಂದು ದೂರು ಹೇಳಿ, ಅಲ್ಲಿ ಸಿಕ್ಕಿದ ಕಲ್ಲೊಂದನ್ನು ಮೇಜಿನ ಮೇಲಿಟ್ಟು ಹೋಗಿದ್ದಳು. ಕಲ್ಲಿನ ಮೇಲೆ ಬಿಳಿ ಶಾಯಿಯಲ್ಲಿ ೧೭ ಎಂದು ಬರೆದಿತ್ತು. ಅದು ನೊರ್ಬರ್ಟನ ಕೈಬರಹ. ಸಿಕ್ಕಿದ ಪ್ರತಿ ಮೊನೆಗೂ ನಂಬರು ಬರೆದು, ಎಲ್ಲಿ ಸಿಕ್ಕಿತೆಂದು ಗೋಡೆಯ ನಕ್ಷೆಯಲ್ಲಿ ಗುರುತು ಹಾಕುವುದು ಅವನ ಕ್ರಮ.

ನಕ್ಷೆಯ ಸಮೇತ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಮಧ್ಯಾಹ್ನದ ವಾದಿ ಒಣಗಿ ಬಿಳುಚಿಕೊಂಡಿತ್ತು. ಹಕ್ಕಿಯ ಸದ್ದಿಲ್ಲ, ಗಾಳಿಯಿಲ್ಲ. ಮೊದಲ ಗುರುತು ಒಂದು ಜಾಲಿ ಮರದ ಬುಡ. ನೊರ್ಬರ್ಟ್ ಬಗ್ಗಿದವನು ಹಾಗೆಯೇ ನಿಂತ. ನಂಬರ್ ಒಂದು ಅಲ್ಲೇ ಇತ್ತು, ಎಂದೂ ಯಾರೂ ತೆಗೆಯದ ಹಾಗೆ ಅರ್ಧ ಮರಳಿನಲ್ಲಿ ಹೂತು. ಎರಡನೆಯದೂ ಅದರ ಜಾಗದಲ್ಲೇ. ಮೂರನೆಯದೂ.

"ಇವು ತಾವಾಗಿಯೇ ಮನೆಗೆ ಬಂದಿವೆ," ಎಂದು ನೊರ್ಬರ್ಟ್ ಶಿಲುಬೆಯ ಗುರುತು ಮಾಡಿಕೊಂಡ.

ತಿರುವಿನಲ್ಲಿ ನಫೀಸಾ ಕಾಯುತ್ತಿದ್ದಳು. ದಂಡೆಯ ಪೊಟರೆಯೊಂದಕ್ಕೆ ಯಾರೋ ಚಪ್ಪಟೆ ಕಲ್ಲನ್ನು ಬಾಗಿಲಿನ ಹಾಗೆ ಮುಚ್ಚಿದ್ದರಂತೆ. ಸರಿಸಿದವಳು ಅವಳೇ. ಒಳಗೆ ಬಾಡಿದ ಬಾಳೆಲೆ, ಅದರಲ್ಲಿ ಅನ್ನ, ಪಕ್ಕದಲ್ಲೊಂದು ಪುಟ್ಟ ಸ್ಟೀಲ್ ಲೋಟ.

"ಆಡುಗಳು ತಿನ್ನಲಿಲ್ಲವಾ?" ಎಂದ ಖಲ್ಫಾನ್.

"ಎಳೆದರೂ ಹತ್ತಿರ ಹೋಗುವುದಿಲ್ಲ," ಎಂದಳು ಮುದುಕಿ.

ಲೋಟ ಖಾಲಿ, ತಳದಲ್ಲಿ ಹಾಲಿನ ಕೆನೆ. ಬಿಸಿಲಿಗೆ ಆರಿರಬೇಕು ಅನ್ನೋಣ ಎಂದರೆ ಪೊಟರೆಯೊಳಗೆ ಬಿಸಿಲೇ ಬೀಳುತ್ತಿರಲಿಲ್ಲ. ಹೊರಗೆ ಮರಳಿನಲ್ಲಿ ಬೂಟಿನ ಆಳವಾದ ಗುರುತು. ಹಿಮ್ಮಡಿ ಪೊಟರೆಯ ಕಡೆಗೆ. ಯಾರೋ ಬೆನ್ನು ಹಾಕಿ ತುಂಬ ಹೊತ್ತು ನಿಂತಿದ್ದರು.

"ಇದೆಂಥ ನಿಲ್ಲುವ ಕ್ರಮ?" ಖಲ್ಫಾನ್ ಕೇಳಿದ.

ಹಂಝ ಹೇಳಿದ. "ನಮ್ಮೂರಲ್ಲಿ ತುಳುವರು ಸತ್ತವರಿಗೆ ಬಡಿಸುವುದು ಹೀಗೆ, ಸರ್. ಎಲೆ ಹಾಕಿ, ಬಾಗಿಲು ಮುಚ್ಚಿ, ಹೊರಗೆ ನಿಲ್ಲಬೇಕು. ಅವರು ಉಣ್ಣುವುದನ್ನು ನೋಡಬಾರದು. ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಚಿಕ್ಕಂದಿನಲ್ಲಿ ನೆರೆಮನೆಯಲ್ಲಿ ನೋಡಿದ್ದೇನೆ."

ಖಲ್ಫಾನ್ ಲೋಟವನ್ನು ತಿರುಗಿಸಿದ. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ. ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸದೆ ನಮ್ಮವರಿಗೆ ಸಮಾಧಾನವುಂಟೇ? ಕಳ್ಳನಿಗೂ ಅದು ಕಣ್ಣಿಗೆ ಬೀಳದಷ್ಟು ರೂಢಿ.

"ಮೋಹಿನಿ," ಎಂದು ಓದಿದ ಹಂಝ.

ನೊರ್ಬರ್ಟ್ ಬಗ್ಗಿ ಲೋಟವನ್ನು ನೋಡಿದ. "ಪ್ರೇಮಣ್ಣನ ಮಗಳು. ಐದು ವರ್ಷ. ಹೋದ ವರ್ಷ ಇಲ್ಲಿಯೇ… ನಾವಿಬ್ಬರೂ ತಲೆ ಬಗ್ಗಿಸಿ ಕಲ್ಲು ಹುಡುಕುತ್ತಿದ್ದೆವು. ಮೇಲೆ ಗುಡ್ಡದಲ್ಲಿ ಮಳೆ ಬಂದದ್ದು ಗೊತ್ತಾಗಲಿಲ್ಲ. ನೀರು ಬಂದುಬಿಟ್ಟಿತು. ಹೆಣವೂ ಸಿಗಲಿಲ್ಲ."

ಸ್ಥಳದಲ್ಲೇ ಪಂಚನಾಮೆ ಆಯಿತು: ಬಾಳೆಲೆ ಒಂದು, ಲೋಟ ಒಂದು, ನಫೀಸಾ ತಂದದ್ದೂ ಸೇರಿ ಕಲ್ಲು ನಲವತ್ತು. ಕೊನೆಯ ನಂಬರಿನದು ಮಾತ್ರ ಎಲ್ಲೂ ಇರಲಿಲ್ಲ.

ಅದೇ ಸಂಜೆ ಪ್ರೇಮನಾಥನ ಮನೆ. ಬಾಗಿಲು ತೆರೆದೇ ಇತ್ತು. ಹೆಂಡತಿ ಉಮಾವತಿ ಊರಿಗೆ ಹೋಗಿ ತಿಂಗಳುಗಳಾಗಿದ್ದವು. ಆದರೂ ಮೇಜಿನ ಮೇಲೆ ಎರಡು ತಟ್ಟೆ, ಒಂದು ಚಿಕ್ಕದು.

"ಕೀಲಿಕೈ ತೆಗೆದದ್ದು ನೀವಾ?"

"ಹೌದು. ಮುನಿಯಪ್ಪ ನೀರು ತರಲು ಹೋಗಿದ್ದಾಗ. ಗೋಡೆಯ ನಕ್ಷೆಯನ್ನೂ ನಕಲು ಮಾಡಿಕೊಂಡೆ."

"ಅವನು ಲಾಕಪ್ಪಿನಲ್ಲಿ ಇರುವುದು ಗೊತ್ತುಂಟಾ?"

"ಗೊತ್ತುಂಟು. ಬುಧವಾರದೊಳಗೆ ನಾನೇ ಬರುವವನಿದ್ದೆ. ಒಂದು ಬಾಕಿ ಇತ್ತು."

ನೊರ್ಬರ್ಟ್ ತಡೆಯಲಾರದೆ, "ಕೇಳಿದ್ದರೆ ಕೊಡುತ್ತಿದ್ದೆನಲ್ಲ ಪ್ರೇಮಣ್ಣ!" ಎಂದ.

"ಮೂರು ಸಲ ಕೇಳಿದೆ. ನೀನು ನಕ್ಕಿದ್ದಿ."

ನೊರ್ಬರ್ಟ್ ಗೋಡೆಯ ಕಡೆ ತಿರುಗಿದ.

ಉಮಾವತಿಯನ್ನು ಊರಿಗೆ ಬಿಡಲು ಹೋದಾಗ ದೈವ ಮೈಮೇಲೆ ಬಂದ ದರ್ಶನದ ಪಾತ್ರಿ ನುಡಿ ಕೊಟ್ಟಿದ್ದನಂತೆ: ಆ ಜಾಗದಿಂದ ತೆಗೆದದ್ದನ್ನೆಲ್ಲ ಆ ಜಾಗಕ್ಕೇ ಕೊಡು, ಮಗು ಸಿಗುತ್ತದೆ. ಹೆಣವಾಗಿ ಸಿಗುತ್ತದೆಯೋ ಜೀವವಾಗಿಯೋ ಎಂದು ಕೇಳುವ ಧೈರ್ಯ ಪ್ರೇಮನಾಥನಿಗೆ ಬಂದಿರಲಿಲ್ಲ.

ಹಂಝ ಠಾಣೆಗೆ ಫೋನ್ ಮಾಡಿ ಮುನಿಯಪ್ಪನನ್ನು ಬಿಡಿಸಿದ. ಬಂಧನದ ಕಾಗದ ಸಿದ್ಧವಾಯಿತು. ಖಲ್ಫಾನ್ ಕೈ ಚಾಚಿದ. "ಕೊನೆಯ ಕಲ್ಲು."

ಪ್ರೇಮನಾಥ ಅಂಗಿಯ ಜೇಬಿನಿಂದ ತೆಗೆದು ಅಂಗೈ ಬಿಡಿಸಿದ. ಉಗುರಿನಷ್ಟು ತೆಳ್ಳಗಿನ ಕೆಂಪು ಮೊನೆ. "ಇದನ್ನು ಹೆಕ್ಕಿದ್ದು ಅವಳು. 'ಪಪ್ಪಾ, ನೋಡಿ' ಅಂದಳು. ನಾನು ತಲೆ ಎತ್ತಲಿಲ್ಲ."

"ಎಲ್ಲ ಇಟ್ಟಿರಿ. ಇದನ್ನು ಯಾಕೆ ಇಡಲಿಲ್ಲ?"

"ಇದೊಂದು ಬಾಕಿ ಇದೆಯಲ್ಲ, ಅದಕ್ಕೇ ಅವಳು ಬಂದಿಲ್ಲ ಅಂತ ಸಮಾಧಾನದಲ್ಲಿದ್ದೇನೆ. ಇದನ್ನೂ ಕೊಟ್ಟ ಮೇಲೆ ಬಾರದಿದ್ದರೆ, ಮತ್ತೆ ನಾನು ಎಂಥ ಮಾಡುವುದು?"

ಹಂಝ ಅರಬಿಯಲ್ಲಿ ಹೇಳತೊಡಗಿ ನಡುವೆ ನಿಲ್ಲಿಸಿದ, ಕಣ್ಣೊರೆಸಿಕೊಂಡು ಮತ್ತೆ ಹೇಳಿದ. ಖಲ್ಫಾನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ವರದಿಯಲ್ಲಿ, ಸಿಕ್ಕಿದ ಕಲ್ಲು ನಲವತ್ತು, ಒಂದು ಸಿಕ್ಕಿಲ್ಲ ಎಂದು ಬರೆಸಿದ.