ಹಿಮದಂಚಿನ ಬಿಳಿ ಚಿಟ್ಟೆ

"ಬಲೆ ಕೆಳಗಿಡಿ. ಈಗಲೇ."

ಬುರುಲ್ಚಾಳ ಕೈ ಗಾಳಿಯಲ್ಲೇ ನಿಂತಿತು. ಎದುರಿನ ಬಂಡೆಯ ಮೇಲೆ, ಕೆಂಪು ಚುಕ್ಕೆಗಳ ಬಿಳಿ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು. ಇನ್ನೊಂದೇ ಹೆಜ್ಜೆ...

ಗೊರಸಿನ ಸದ್ದಿಗೆ ಚಿಟ್ಟೆ ಹಾರಿ ಕಣಿವೆಗೆ ಇಳಿದುಹೋಯಿತು.

ಅವಳು ಸಿಟ್ಟಿನಿಂದ ತಿರುಗಿದಳು. ಕುದುರೆಯ ಮೇಲೆ ಆ ಸಂರಕ್ಷಿತ ಬೆಟ್ಟಗಳ ಕಾವಲುಗಾರ ಮಿರ್ಲಾನ್ ಕೂತಿದ್ದ.

"ನಾನು ಕಳ್ಳಿಯಲ್ಲ. ಕೆಳಗಿನ ಕರಾಕೋಲ್ ಊರಿನ ಮ್ಯೂಸಿಯಂನವಳು. ನಮ್ಮಪ್ಪ ಕೂಡಿಸಿದ ಚಿಟ್ಟೆಗಳಲ್ಲಿ ಇದೊಂದೇ ಇಲ್ಲ. ಸಾಯೋವರೆಗೂ ಹುಡುಕಿದ್ರು ಅವರು."

"ಸಿಕ್ಕ ತಕ್ಷಣ ಸಾಯಿಸೋಕಾ?"

"ಊರಿನ ಮಕ್ಕಳು ನೋಡ್ಲಿ ಅಂತ. ನೋಡದೇ ಇರೋದನ್ನ ಯಾರು ಕಾಪಾಡ್ತಾರೆ?"

ಅವನು ಕುದುರೆಯಿಂದ ಇಳಿದ. ಬಲೆಯನ್ನು ಕಿತ್ತುಕೊಂಡ. ಆದರೆ ಅವಳನ್ನು ಕುದುರೆ ಹತ್ತಿಸಿ, ರಸ್ತೆಯವರೆಗೂ ತಾನು ನಡೆದೇ ಬಂದ. ದಾರಿಯುದ್ದಕ್ಕೂ ಜಗಳ...

ಊರಿಗೆ ಮರಳಿದ ಮೇಲೂ ಬುರುಲ್ಚಾ ಆ ಜಗಳವನ್ನು ಮನಸ್ಸಿನಲ್ಲೇ ಮುಂದುವರಿಸಿದಳು. 'ಆ ಮನುಷ್ಯನ ನೆನಪಾದ್ರೆ ಎದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ?'

ಬೇಸಿಗೆಯ ಕೊನೆಗೆ ಬೆಟ್ಟದಲ್ಲಿ ಆಲಿಕಲ್ಲು ಸುರಿಯಿತು. ಅದಾದ ಕೆಲವು ದಿನಕ್ಕೆ, ಮ್ಯೂಸಿಯಂ ಗುಡಿಸುವ ಜೂರಾ ಸುದ್ದಿ ತಂದಳು.

"ನಿನ್ನ ಕಾವಲುಗಾರ ಡಬ್ಬಿ ಹಿಡ್ಕೊಂಡು ಚಿಟ್ಟೆ ಆರಿಸ್ತಿದ್ದಾನಂತೆ ಮಗಳೇ. ಕುರಿ ಕಾಯೋಕೆ ಹೋದ ನನ್ನ ತಮ್ಮ ಕಣ್ಣಾರೆ ನೋಡಿದ್ದಾನೆ."

"ಅವನು ನನ್ನವನಲ್ಲ."

"ಮತ್ತೆ ಮುಖ ಯಾಕೆ ಕೆಂಪಾಯ್ತು?"

ಬುರುಲ್ಚಾ ಹಲ್ಲು ಕಚ್ಚಿದಳು. 'ನನ್ನನ್ನ ಓಡಿಸಿ, ತಾನೇ ಮಾರೋಕೆ ಹೊರಟಿದ್ದಾನೆ...'

ಮರುದಿನ ಅವನೇ ಮ್ಯೂಸಿಯಂ ಬಾಗಿಲಲ್ಲಿ ನಿಂತಿದ್ದ.

"ಯಾವ ಗಿರಾಕಿಗೆ ತಂದ್ರಿ? ಇಲ್ಲಿ ಕೊಳ್ಳೋರಿಲ್ಲ."

ಮಿರ್ಲಾನ್ ಚಹಾ ಡಬ್ಬಿಯ ಮುಚ್ಚಳ ತೆಗೆದ. ಹತ್ತಿಯ ಮೇಲೆ ಹರಿದ ರೆಕ್ಕೆಗಳು.

"ಆಲಿಕಲ್ಲು ಬಡಿದು ಸತ್ತಿದ್ದವು. ಒಂದಾದ್ರೂ ಪೂರ್ತಿ ಇರೋದು ಸಿಗ್ಲಿ ಅಂತ ದಿನಾ ಹುಡುಕಿದೆ." ಅವನು ಹತ್ತಿಯ ಪದರ ಎತ್ತಿದ. "ನೋಡಿ."

ಅಲ್ಲಿ ಬಿಳಿ ಚಿಟ್ಟೆ ರೆಕ್ಕೆ ಮಡಚಿ ಮಲಗಿತ್ತು. ಮೀಸೆ ಕೂಡ ಮುರಿದಿರಲಿಲ್ಲ. ಬುರುಲ್ಚಾ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಕ್ಷಮಿಸಿ... ನಾನು ಏನೇನೋ ಅಂದ್ಕೊಂಡೆ."

"ನಾನೂ ನಿಮ್ಮನ್ನ ಕಳ್ಳಿ ಅಂದ್ಕೊಂಡಿದ್ದೆನಲ್ಲ."

ಒಣಗಿ ಸೆಟೆದಿದ್ದ ಚಿಟ್ಟೆಯನ್ನು ಒದ್ದೆ ಮರಳಿನ ಪೆಟ್ಟಿಗೆಯಲ್ಲಿಟ್ಟು ಮೆದು ಮಾಡಿದಳು. ಅದು ಹದಕ್ಕೆ ಬಂದ ದಿನ ಅವನೂ ಬಂದ. ಅವಳು ಸೂಜಿ ತುದಿಯಿಂದ ಒಂದೊಂದೇ ರೆಕ್ಕೆ ಬಿಡಿಸಿ, ಕಾಗದದ ಪಟ್ಟಿಯಿಂದ ಹಲಗೆಗೆ ಬಿಗಿದಳು. ಕೆಂಪು ಚುಕ್ಕೆಗಳು ಬೆಳಕಿಗೆ ಬಂದವು. ಅವನು ಉಸಿರು ಬಿಗಿಹಿಡಿದಿದ್ದ.

"ಉಸಿರಾಡಿ," ಎಂದು ಅವಳು ನಕ್ಕಳು. "ಇದೊಂದು ಚಿಟ್ಟೆಗೋಸ್ಕರ ಅಷ್ಟು ಅಲೆದ್ರಾ?"

"ಚಿಟ್ಟೆಗಲ್ಲ. ನಿನಗೋಸ್ಕರ."

'ನೀವು' ಎಲ್ಲಿ ಜಾರಿಹೋಯಿತೋ, ಇಬ್ಬರೂ ಕೇಳಲಿಲ್ಲ. ಅವಳ ಬೆರಳು ಅವನ ಬೆರಳಿನ ಪಕ್ಕಕ್ಕೆ ಬಂದು ನಿಂತಿತು.

"ಇದು ಒಣಗೋಕೆ ಎಷ್ಟು ದಿನ ಬೇಕು?"

"ಎರಡು ವಾರ..." ಅವಳು ಅವನತ್ತ ತಿರುಗಿದಳು. "ಚಳಿಗಾಲ ಪೂರ್ತಿ ಬೇಕು ಅಂತ ಸುಳ್ಳು ಹೇಳ್ಲಾ, ಮಿರ್ಲಾನ್?"

"ಹೇಳು. ನಂಬ್ತೀನಿ."