ಹೆದ್ದಾರಿಗೆ ಅಡ್ಡ ನಿಂತ ಸಂಕವ್ವ

ಏಳು ಬೆಟ್ಟಗಳ ಆಚೆ, ಚಂದ್ರಾವಳಿ ಎಂಬ ರಾಜ್ಯದಲ್ಲಿ, ಬಹಳ ಹಿಂದೆ ತೊರೆಹಾಳು ಎಂಬ ಊರಿತ್ತು. ಊರಿನ ನಟ್ಟನಡುವೆ ರಾಜರ ಹೆದ್ದಾರಿ ಹಾದುಹೋಗುತ್ತಿತ್ತು. ಆ ದಾರಿಯಲ್ಲಿ ಉಗ್ರಮತಿ ಎಂಬ ಮಾಂತ್ರಿಕ ತನ್ನ ಕಂಚಿನ ರಥವನ್ನು ಗಾಳಿಗಿಂತ ಜೋರಾಗಿ ಓಡಿಸುತ್ತಿದ್ದ. ಗಾಲಿ ತಾಗಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ನೇಕಾರರ ಸಂಕವ್ವನ ತಂಗಿ ಹೊನ್ನಿಯೂ ಹಾಗೆಯೇ ದಾರಿಯ ಅಂಚಿನಲ್ಲಿ ಕಲ್ಲಾದಳು.

ಊರಿನ ಹತ್ತು ಸಮಸ್ತರು ಸೇರಿದರು. "ತಡೆಯೋಣ ಅಂದರೆ ಅದು ರಾಜರ ದಾರಿ. ನಮಗೇನು ಅಧಿಕಾರ?" ಎಂದರು ಯಜಮಾನ ಮಲ್ಲಪ್ಪಯ್ಯ.

"ಹಾಗಾದರೆ ಕೇಳಿಕೊಂಡು ಬರ್ತೀನಿ," ಎಂದು ಸಂಕವ್ವ ಅರಮನೆಗೆ ನಡೆದಳು.

ಅವಳ ಮಾತು ಕೇಳಿ ರಾಜ ವೀರಕೇತು ತಲೆ ತಗ್ಗಿಸಿದ. "ದಾರಿ ಹಾಕಿಸಿದೆ, ಕಾಯುವವರು ಯಾರೆಂದು ಯೋಚಿಸಲೇ ಇಲ್ಲ. ಇನ್ನು ನಿಮ್ಮೂರ ಎಲ್ಲೆಯೊಳಗೆ ನಿಮ್ಮೂರ ಮಾತೇ ನಡೆಯಲಿ. ಸಮಸ್ತರು ನೇಮಿಸಿದವರು ಯಾರನ್ನು ಬೇಕಾದರೂ ತಡೆಯಬಹುದು. ಆದರೆ ತಾಯೀ, ಉಗ್ರಮತಿಯ ಮಾಯೆ ಮುರಿಯಲು, ಅವನು ಯಾವ ರೂಪದಲ್ಲಿ ಬಂದರೂ ಮೂರು ಸಲ ತಡೆಯಬೇಕು. ಒಮ್ಮೆ ಪಕ್ಕಕ್ಕೆ ಸರಿದರೂ ನೀನೂ ಕಲ್ಲೇ."

ಸಮಸ್ತರು ಸಂಕವ್ವನನ್ನೇ ನೇಮಿಸಿ, ಕೈಗೆ ಕೆಂಪು ಕೋಲು ಕೊಟ್ಟರು. ಅವಳು ಸಂತೆಬೀದಿಯಲ್ಲಿ ಹೆದ್ದಾರಿಗೆ ಅಡ್ಡ ನಿಂತಳು.

ಮೊದಲು ಬೆಂಕಿಯುಗುಳುವ ಕೋಣ ನುಗ್ಗಿ ಬಂತು. "ಯಾರೇ ನೀನು?" ಎಂದು ಗುಟುರು ಹಾಕಿತು.

"ತೊರೆಹಾಳಿನವಳು. ನಿಲ್ಲು!"

ಬೆಂಕಿ ಅವಳ ಸೆರಗು ಸುಟ್ಟಿತು. ಅವಳು ಸರಿಯಲಿಲ್ಲ. ಕೋಣ ಬೂದಿಯಾಗಿ ಉದುರಿತು.

ಎರಡನೆಯ ಸಲ ಒಂದು ಬಂಡಿ ಧಾವಿಸಿ ಬಂತು. ಒಳಗಿದ್ದವಳು ಹೊನ್ನಿ! "ಅಕ್ಕಾ, ದಾರಿ ಬಿಡೇ, ಮನೆಗೆ ಹೋಗ್ತೀನಿ!" ಸಂಕವ್ವ ದಾರಿಯ ಅಂಚಿಗೆ ಕಣ್ಣು ಹಾಯಿಸಿದಳು. ಕಲ್ಲಾದ ಹೊನ್ನಿ ಅಲ್ಲೇ ಇದ್ದಳು.

"ನಿಲ್ಲು!" ಎಂದಳು ಅಳುತ್ತಲೇ. ಬಂಡಿ ಹೊಗೆಯಾಗಿ ಹೋಯಿತು.

ಮೂರನೆಯ ಸಲ ಬಿಳಿಕುದುರೆಯ ಮೇಲೆ ರಾಜ ವೀರಕೇತುವೇ ನಾಗಾಲೋಟದಲ್ಲಿ ಬಂದ. "ಅಧಿಕಾರ ಕೊಟ್ಟವನು ನಾನು. ಸರಿ ಪಕ್ಕಕ್ಕೆ!"

"ಸರಿಯವ್ವಾ, ಮಹಾರಾಜರು!" ಮಲ್ಲಪ್ಪಯ್ಯ ಹಿಂದಿನಿಂದ ಕೂಗಿದರು.

ಸಂಕವ್ವ ಕುದುರೆಯ ಮೇಲಿದ್ದವನ ಮುಖವನ್ನು ದಿಟ್ಟಿಸಿದಳು. ನಿಜವಾದ ರಾಜರೇ ಆಗಿದ್ದರೆ? ಆದರೂ ಕೋಲನ್ನು ಎತ್ತಿ ಹಿಡಿದಳು. "ನೀವು ಯಾರೋ ನನಗೆ ಗೊತ್ತಾಗ್ತಿಲ್ಲ, ಪ್ರಭು. ಯಾರೇ ಆಗಿರಿ, ಇಲ್ಲಿ ನಿಂತು ಮೆಲ್ಲಗೆ ಹೋಗಬೇಕು. ಸಂತೆಯಲ್ಲಿ ಮಕ್ಕಳಿದ್ದಾರೆ."

ಕುದುರೆ ಮುಂಗಾಲೆತ್ತಿತು. ಗೊರಸಿನ ಗಾಳಿ ಹಣೆಗೆ ತಾಗಿತು. ಅವಳು ಕಣ್ಣು ಮುಚ್ಚಿದಳು, ಜಾಗ ಬಿಡಲಿಲ್ಲ.

ಗೊರಸು ಬೀಳಲಿಲ್ಲ. ಕಣ್ಣು ತೆರೆದರೆ ರಾಜರ ಮುಖ ಮೇಣದಂತೆ ಕರಗುತ್ತಿತ್ತು, ಒಳಗಿಂದ ಉಗ್ರಮತಿಯ ಮುಖ ಇಣುಕುತ್ತಿತ್ತು. ಅವನು ಕಿರುಚಿದ, ಕುಗ್ಗಿದ, ಇನ್ನೂ ಕುಗ್ಗಿದ. ಕೊನೆಗೆ ಬಸವನಹುಳುವಾಗಿ ದಾರಿಯ ಮೇಲೆ ಬಿದ್ದ.

ಕಲ್ಲುಗಳೆಲ್ಲ ಉಸಿರಾಡಿದವು. ಹೊನ್ನಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು. "ಅಯ್ಯೋ, ಸೆರಗು ಯಾಕೆ ಸುಟ್ಟಿದೆ?"

ಅಷ್ಟರಲ್ಲಿ ಆಚೆಯಿಂದ ಎತ್ತಿನ ಗಾಡಿಗಳ ಸಾಲು ಬಂತು. ಸಂಕವ್ವ ಕೋಲು ಅಡ್ಡ ಹಿಡಿದು ಎಲ್ಲವನ್ನೂ ನಿಲ್ಲಿಸಿದಳು. ಬಸವನಹುಳು ದಾರಿ ದಾಟುವ ತನಕ ಇಡೀ ತೊರೆಹಾಳು ನಗುತ್ತಾ ಕಾದು ನಿಂತಿತು. ಆಮೇಲೆ ಆ ಊರಿನಲ್ಲಿ ಯಾರೂ ದಾರಿಗೆ ಹೆದರಿ ಬದುಕಬೇಕಾಗಲಿಲ್ಲ.